ಚಿತ್ ಆದ ಮ್ಯಾಲ

ನೇಸರಗಿ ಬಸವಲಿಂಗ ಅಂಗಿ ಮ್ಯಾಲಿನ ಗುಂಡಿ ಹಾಕೂದು ಬಿಟ್ಟು ಎರಡು ತಿಂಗಳಾಗಿತ್ತು. ಇಪ್ಪತ್ನಾಕು ವರ್ಷದ ಪೈಲವಾನ, ಎಂಬತ್ತಾರು ಕಿಲೋ ಆಳು, ಕುತ್ತಿಗಿ ನೋಡಿದ್ರ ಬೇವಿನ ಬೊಡ್ಡಿ. ಅಂಥಾ ಕುತ್ತಿಗಿಗೆ ಒಂದು ಟಾವೆಲ್ ತಾಗಿದ್ರ ಸೈತ ಅವನ ಉಸರು ನಿಲ್ಲತಿತ್ತು. ಬಸ್ಸಿನ್ಯಾಗ ಹಿಂದಿನ ಸೀಟಿನಾಂವ ಕೈ ಮುಂದ ಇಟ್ಟನಂದ್ರ ಎದ್ದು ನಿಂತು, ಬೈಲಹೊಂಗಲ ಬರೂ ತನಕ ನಿಂತ ಹೋಗತಿದ್ದ. ನಗಬ್ಯಾಡ್ರಿ. ಹೆದರಿಕಿ ಆಳಿನ ತೂಕ ನೋಡಿ ಬರೂದಿಲ್ಲ.

ಆಗಿದ್ದು ಹಿಂಗ. ರಾಮದುರ್ಗ ತಾಲೂಕಿನ ಸುರೇಬಾನದಾಗ ಸಂಜು ಅಂತ ಒಬ್ಬ ಇದ್ದಾನ, ಜಾಳಗಿ ಕಟ್ಟಿದ ಅಖಾಡದಾಗ ಎಂಎಂಎ ಆಡಾಂವ. ಗುದ್ದೂದು, ಒದಿಯೂದು, ಕೆಡವೂದು, ಕೆಡವಿದ ಮ್ಯಾಲ ಕುತ್ತಿಗಿ ಹಿಸುಕೂದು, ಎಲ್ಲಾ ನಡೀತೈತಿ ಆ ಆಟದಾಗ. ಅಂವ ಮೊಬೈಲಿನ್ಯಾಗ ಒಂದು ವಿಡಿಯೋ ಬಿಟ್ಟ: 'ಮಣ್ಣಿನ ಪೈಲವಾನರು ಜಾಳಗಿ ಒಳಗ ಬಂದ್ರ ಎರಡು ಮಿನಿಟ ಉಳಿಯೂದಿಲ್ಲ.' ಅದನ್ನ ಯಾರೋ ಪುಣ್ಯಾತ್ಮ ನೇಸರಗಿ ಚಹಾದ ಅಂಗಡ್ಯಾಗ ಮಡಿವಾಳೆಪ್ಪ ವಸ್ತಾದಗ ತೋರಿಸಿದ. ಬಸವಲಿಂಗಗ ಹನ್ನೆರಡು ವರ್ಷ ಕುಸ್ತಿ ಕಲಿಸಿದ ಗುರು ಇಂವ. ಅರವತ್ತು ದಾಟಿದ ಮನಶ್ಯಾ, ಸವದತ್ತಿಯಿಂದ ಕಿತ್ತೂರ ತನಕ ಒಂದ ಕಾಲಕ್ಕ ಹೆಸರು ಮಾಡಿದಾಂವ, ಮೀಸಿಗೆ ಇನ್ನೂ ಎಣ್ಣಿ ಹಚ್ಚತಾನ. ಅವಗ ತಡಿಯಲಿಲ್ಲ. 'ನಮ್ಮ ಬಸ್ಯಾ ಆಡತಾನಂತ ಹೇಳ್ರಿ ಅವಗ' ಅಂದುಬಿಟ್ಟ. ಬಸ್ಯಾನ್ನ ಕೇಳಿದ್ನೇನು? ಎಲ್ಲೀದು! ಬಸ್ಯಾ ಆ ಹೊತ್ತಿನ್ಯಾಗ ಹೊಲದಾಗ ಗೋವಿನಜೋಳಕ್ಕ ನೀರು ಹಾಸಾಕತ್ತಿದ್ದ. ವಸ್ತಾದ ಮಾತು ಕೊಟ್ಟ ಮ್ಯಾಲ ಶಿಷ್ಯಾ ಒಲ್ಲೆ ಅನ್ನೂದು ಆ ತಾಲೀಮಿನ್ಯಾಗ, ಆ ಗರಡಿಮನ್ಯಾಗ, ಇಲ್ಲ.

ಬೈಲಹೊಂಗಲದಾಗ ಒಂದು ಬೀಜದ ಅಂಗಡಿ ಮ್ಯಾಲಿನ ಹಾಲಿನ್ಯಾಗ ಉಮಾಶ್ರೀ ಅನ್ನೂ ಕಿತ್ತೂರ ಹೆಣ್ಮಗಳು ಈ ಆಟ ಕಲಿಸತಾಳ. ಹತ್ತು ವರ್ಷ ಜುಡೋ ಆಡಿದಾಕಿ, ಮಾತು ಕಮ್ಮಿ, ಕಣ್ಣು ಚುರುಕು. ಬಸವಲಿಂಗ ಕಲ್ಯಾಕ ಹೋದ ಮೊದಲನೇ ದಿನಾನ ಆಕಿ ಅವನ ಮುಂದ ಸೋಮಪ್ಪ ಅನ್ನೂ ಸಣಕಲಾಳನ್ನ ನಿಂದರಿಸಿದಳು. ಅರವತ್ತು ಕಿಲೋ ಇದ್ದಾನೋ ಇಲ್ಲೋ. ಬಸವಲಿಂಗಗ ನಗಿ ಬಂತು. ಮೂರನೇ ಮಿನಿಟಿಗೆ ಸೋಮಪ್ಪ ಹೆಂಗೋ ಕಾಲಿಗೆ ಕಾಲು ಕೊಟ್ಟ, ಬಸವಲಿಂಗ ವಾಲಿದ, ವಾಲಿದಾಂವ ಕುಸ್ತಿಯವರು ಮಾಡೂದನ್ನ ಮಾಡಿದ. ಬೆನ್ನು ಮಣ್ಣಿಗೆ ಹತ್ತಬಾರದಲ್ಲ, ಅದಕ್ಕ ಸರಕ್ಕನ ಬೋರಲು ತಿರುಗಿ ನೆಲಕ್ಕ ಅಂಟಿಕೊಂಡ. ಮಣ್ಣಿನ್ಯಾಗ ಹಂಗ ಅಂಟಿದವನ್ನ ತಿರುವ್ಯಾಡಾಕ ಅರ್ಧ ತಾಸು ಬೇಕು. ಸೋಮಪ್ಪಗ ತಿರುವೂದ ಬೇಕಾಗಿದ್ದಿಲ್ಲ. ಬೆನ್ನು ಏರಿದ, ಗದ್ದದ ಕೆಳಗ ಮೊಣಕೈ ತೂರಿಸಿದ, ಅಷ್ಟ.

ಬಸವಲಿಂಗಗ ಎಚ್ಚರಾದಾಗ ತಾ ಯಾರು, ಎಲ್ಲಿದ್ದೇನಿ ಅನ್ನೂದ ತಿಳೀಲಿಲ್ಲ. ಮ್ಯಾಲ ಒಂದು ಫ್ಯಾನು ತಿರಗತಿತ್ತು. ಅದಕ್ಕ ಫ್ಯಾನು ಅಂತಾರ ಅನ್ನೂದೂ ಮರತಿತ್ತು. ನಾಕ ಸೆಕೆಂಡ ಅಂತ ಉಮಾಶ್ರೀ ಹೇಳಿದಳು. ಆ ನಾಕ ಸೆಕೆಂಡಿನ್ಯಾಗ ಬಸವಲಿಂಗ ಅನ್ನಾಂವ ಎಲ್ಲಿದ್ದ? ಅದನ್ನ ನೆನಸಿದ್ರ ಇವತ್ತಿಗೂ ಅವನ ಕೈ ಕುತ್ತಿಗಿಗೆ ಹೋಗತೈತಿ.

'ತಟ್ಟಬೇಕಿತ್ತಲ್ಲಪಾ,' ಅಂದಳು ಉಮಾಶ್ರೀ. 'ತಡಕೊಳ್ಳಾಕ ಆಗದಿದ್ರ ಎರಡು ಸಲ ಕೈಲೆ ತಟ್ಟಿದ್ರ ಸಾಕು, ಬಿಡತಾರ. ಅದ ಈ ಆಟದ ಕಾಯ್ದೆ.'

'ಕುಸ್ತ್ಯಾಗ ಅದು ಇಲ್ಲರಿ.'

ಖರೇನ. ಮಣ್ಣಿನ ಕುಸ್ತ್ಯಾಗ ಸೋತೆ ಅಂತ ಬಾಯಿಲೆ ಯಾರೂ ಹೇಳಾಂಗಿಲ್ಲ, ಕೈಲೇನೂ ಹೇಳಾಂಗಿಲ್ಲ. ಬೆನ್ನು ಹೇಳತೈತಿ. ಬೆನ್ನು ಹೇಳಿದ ಮ್ಯಾಲೂ 'ನಂದು ಹತ್ತಿಲ್ಲ, ಒಂದು ಹೆಗಲು ಮ್ಯಾಲಿತ್ತು' ಅಂತ ಊರ ತುಂಬ ವಾದ ಹಾಕಾವರ ಬಾಳ. ಜಟ್ಟಿ ಬಿದ್ರೂ ಮೀಸಿ ಮಣ್ಣಾಗಲಿಲ್ಲ ಅನ್ನೂ ಗಾದಿ ಸುಮ್ನ ಹುಟ್ಟಿಲ್ರಿ.

ಒಂದು ದಿನ ಮಡಿವಾಳೆಪ್ಪ ತಾನ ಬಸ್ಸು ಹತ್ತಿ ಬಂದು, ಧೋತರ ಸರಿಮಾಡಿಕೊಂಡು ಹಾಲಿನ ಮೂಲ್ಯಾಗ ಪ್ಲಾಸ್ಟಿಕ್ ಕುರ್ಚಿ ಮ್ಯಾಲ ಕುಂತ. ಎಲ್ಲಾ ನೋಡಿದ. ನೋಡಿ, 'ಏನವಾ, ನಮ್ಮದು ಹೆಚ್ಚೋ ನಿಮ್ಮದು ಹೆಚ್ಚೋ?' ಅಂತ ನೇರ ಕೇಳಿದ.

'ಕೆಡವೂದರಾಗ ಬಸವಲಿಂಗನ್ನ ಮೀರಸಾವ್ರು ಇಲ್ಲಿ ಯಾರೂ ಇಲ್ಲರಿ,' ಅಂದಳು ಉಮಾಶ್ರೀ. 'ಪಟ ಹೊಕ್ಕು ಎರಡೂ ಕಾಲು ಎತ್ತತಾನ, ಕಲಾಜಂಗ ಹಾಕಿ ಹೆಗಲ ಮ್ಯಾಲ ಹೊತ್ತು ಒಗೀತಾನ. ನಾವು ಜುಡೋದವ್ರು ಹಂಗಲ್ಲ. ಮೈಮ್ಯಾಲಿನ ಅರಿವಿ ಹಿಡದು, ಎದುರಿನಾಂವ ಹೆಜ್ಜಿ ಎತ್ತೂದನ್ನ ಕಾಯತೇವಿ. ಎತ್ತಿದ ಕಾಲು ಇಡಾಕ ಬಿಡೂದಿಲ್ಲ. ಆದ್ರ ಜಾಳಗಿ ಒಳಗ ಬರೇ ಮೈ, ಹಿಡ್ಯಾಕ ಅರಿವಿ ಸಿಗೂದಿಲ್ಲ. ಅಲ್ಲಿ ನಿಮ್ಮ ಪಟಾನ ಚಲೋ ನಡೀತೈತಿ.'

ವಸ್ತಾದನ ಮೀಸಿ ಒಂದು ಬೆರಳು ಮ್ಯಾಲ ಏರಿತು. 'ಆ ಸುರೇಬಾನದಾಂವಂದು?'

'ಅಂವಂದು ಜಿಯುಜಿತ್ಸು. ಕೆಡವೂ ಗೋಜಿಗೆ ಹೋಗೂದಿಲ್ಲ ಅಂವ. ತಾನ ಬೆನ್ನ ಮ್ಯಾಲ ಮಲಗಿ ನಿಮ್ಮನ್ನ ಮೈಮ್ಯಾಲ ಎಳಕೋತಾನ.'

'ತಾನ ಚಿತ್ ಮಲಗತಾನ? ಥೂ ಇವನ! ಮಲಗಿದ ಮ್ಯಾಲ ಆಟ ಎಲ್ಲೀದವಾ?'

'ಆಟ ಅಲ್ಲೇ ಸುರು ಆಕ್ಕೈತ್ರಿ. ನಿಮ್ಮಲ್ಲಿ ಕೆಡವಿದ್ರ ಮುಗೀತು. ಇಲ್ಲಿ ಕೆಡವಿದ್ರ ಬಾಗಲಾ ತಗದಂಗ, ಇನ್ನೂ ಒಳಗ ಹೋಗಬೇಕು. ನಿಮ್ಮ ಹುಡುಗ ಬಾಗಲಾ ತಗದು ಮನಿಗೆ ಹೊಳ್ಳಿ ಹೊಂಟಬಿಡತಾನ. ನೋಡ್ರಿ ಬೇಕಾದ್ರ.'

ತೋರಿಸಿದಳು. ಬಸವಲಿಂಗ ಸೋಮಪ್ಪನ ಕಾಲು ಹೊಕ್ಕ, ಎತ್ತಿದ, ಧಪ್ಪಂತ ಚಿತ್ ಒಗದ, ಒಗದ ಗಳಿಗಿಗೆ ಎರಡೂ ಕೈ ತಗದು ಎದ್ದು ನಿಂತ. ಕೆಳಗ ಬಿದ್ದ ಸೋಮಪ್ಪ ನಕ್ಕೋತ ಅವನ ಕಾಲು ಹಿಡದು ಎಳದು ಕುತ್ತಿಗಿಗೆ ಕೈ ಹಾಕಿದ. ಬಸವಲಿಂಗನ ಮಾರಿ ಬೂದಿ ಆತು.

ಇದು ಮಡಿವಾಳೆಪ್ಪ ಕಲಿಸಿದ ಪಾಠಾನ. ಎದುರಾಳಿ ಚಿತ್ ಆದ್ನೋ, ಕೈ ತಗೀಬೇಕು, ಎದ್ದು ನಿಲ್ಲಬೇಕು. ಬಿದ್ದವನ ಮ್ಯಾಲ ಕೈ ಇಡೂದು ಹೇಡಿ ಕೆಲಸ. ಹನ್ನೆರಡು ವರ್ಷದಾಗ ಯಾವನರೆ ಒಂದು ಗಳಿಗಿ ತಡಮಾಡಿ ಕೈ ತಗದ ಅಂದ್ರ ಕೋಲಿಲೆ ಬೆನ್ನ ಮ್ಯಾಲ ಬೀಳತಿತ್ತು. ಈಗ ಆ ಒಳ್ಳೇತನಾನ ಹುಡುಗನ ಕುತ್ತಿಗಿಗೆ ಬಂದು ಕುಂತಿತ್ತು.

'ನಾ ಕಲಿಸಿದ್ದನ್ನ ನಾನ ಮರಸತೇನಿ,' ಅಂದ ವಸ್ತಾದ. ಪಂದ್ಯಕ್ಕ ಹದಿನಾರು ದಿನ ಉಳದಿದ್ದವು.

ಮರುದಿನದಿಂದ ನೇಸರಗಿ ತಾಲೀಮಿನ ಕೆಂಪು ಮಣ್ಣಿನ್ಯಾಗ ಮುಂಜಾನೆ ಎದ್ದು ಗುರು ಶಿಷ್ಯಾ ಇಬ್ಬರ ಇಳಿಯಾಕತ್ತಿದರು. ಬಸವಲಿಂಗನ ತೂಕಕ್ಕ ಜೋಡಿ ಊರಾಗ ಬ್ಯಾರೆ ಯಾರೂ ಇದ್ದಿಲ್ಲ. ಕೆಡವಬೇಕು, ಕೆಡವಿದ ಮ್ಯಾಲ ಬಿಡಬಾರದು. ಉಮಾಶ್ರೀ ಒಂದು ಹಿಡತ ಕಲಿಸಿದ್ದಳು: ಬಿದ್ದವನ ಒಂದು ತೋಳು, ಕುತ್ತಿಗಿ, ಎರಡನ್ನೂ ಕೂಡಿಸಿ ತೆಕ್ಕಿಗೆ ತಗೊಂಡು, ತಲಿ ಅವನ ಕಿವಿ ಪಕ್ಕಕ್ಕ ಇಟ್ಟು, ಎದಿ ಇಳಿಬಿಟ್ಟು ಒತ್ತೂದು. ಎದುರಿನಾಂವನ ಇನ್ನೊಂದು ಕೈ ಖುಲ್ಲಾ ಉಳೀತೈತಿ. ಅದು ತಟ್ಟೂ ಕೈ. ಐದು ದಿನ ಬಸವಲಿಂಗ ಹಿಡದ, ಐದೂ ದಿನ ವಸ್ತಾದನ ಉಸರು ಬಿಗಿಯಾದ ಕೂಡಲೆ ತಾನ ಬಿಟ್ಟ. ವಸ್ತಾದ ಬೈದ. ಬೈಸಿಕೊಂಡು ಮತ್ತ ಬಿಟ್ಟ. ಎಷ್ಟಂದ್ರೂ ಗುರುವಿನ ಕುತ್ತಿಗಿ.

ಆರನೇ ದಿನ ಮಡಿವಾಳೆಪ್ಪ ಸಿಟ್ಟಿಗೆದ್ದ. 'ಇವತ್ತ ನಾ ತಟ್ಟೂ ತನಕ ಬಿಡಬ್ಯಾಡ. ಬಿಟ್ಟಿ ಅಂದ್ರ ಈ ತಾಲೀಮಿನ ಹೊಸ್ತಲಾ ತುಳೀಬ್ಯಾಡ ಮತ್ತ.'

ಬಸವಲಿಂಗ ಪಟ ಹೊಕ್ಕ, ಕೆಡವಿದ, ತೆಕ್ಕಿ ಹಾಕಿದ. ಅವನ ಮಾರಿ ಮಣ್ಣಿನ ಕಡೆ ಇತ್ತು. ವಸ್ತಾದನ ಖುಲ್ಲಾ ಕೈ ಎಲ್ಲೈತಿ ಅನ್ನೂದು ಕಾಣತಿದ್ದಿಲ್ಲ. ಈಗ ತಟ್ಟತಾರ, ಅಂದ್ಕೊಂಡ. ಹತ್ತು ಎಣಿಸಿದ. ಮೀಸಿ ಎಣ್ಣಿ ವಾಸನಿ ಮೂಗಿಗೆ ಹೊಡೀತಿತ್ತು. ತಟ್ಟರಿ, ಯಪ್ಪಾ, ತಟ್ಟರಿ, ಅಂತ ಮನಸಿನ್ಯಾಗ ಬೇಡಿಕೊಂಡ. ಬೆನ್ನ ಮ್ಯಾಲ ಏನೂ ಬೀಳಲಿಲ್ಲ. ಬಿಟ್ರ ತಾಲೀಮಿನಿಂದ ಹೊರಗ. ಮತ್ತೈದು ಎಣಿಸಿದ.

ಅವಾಗ ಗೊರಕಿ ಹೊಡದಂಗ ಒಂದು ಸಪ್ಪಳ ಬಂತು.

ಬಸವಲಿಂಗ ಕೈ ಕಿತ್ತು ಹಿಂದ ಸರದ. ವಸ್ತಾದನ ಕಣ್ಣು ಅರ್ಧ ತೆರದಿದ್ದು, ಕರೇ ಗುಡ್ಡಿ ಮ್ಯಾಲ ಹೋಗಿ ಬರೇ ಬಿಳಿ ಕಾಣತಿತ್ತು. ಬಾಯಿ ಓರಿ. ಮೀಸಿ ತುಂಬ ಮಣ್ಣು. ಬಸವಲಿಂಗನ ಜೀವ ಬಾಯಿಗೆ ಬಂತು. 'ವಸ್ತಾದರ! ವಸ್ತಾದರ!' ಅಂತ ಎರಡೂ ಕಾಲು ಎತ್ತಿ ಹಿಡದ, ಉಮಾಶ್ರೀ ಹಂಗ ಮಾಡಬೇಕು ಅಂದಿದ್ದಳು. ಆ ಕಾಲು ಹೆಣದ ಕಾಲಿನಂಗ ಭಾರ ಇದ್ದವು. ಗ್ವಾಡಿ ಆಚಿಗೆ ಮನಿ. ಅಲ್ಲಿಂದ ವಸ್ತಾದನ ಹೆಂಡತಿ ರಾಚವ್ವ ಕೂಗಿದಳು, 'ಚಾ ಆರಾಕತ್ತೇತಿ, ಬರ್ರಿ ಇಬ್ಬರೂ!' ಬಸವಲಿಂಗ ಕಾಲು ಇನ್ನಷ್ಟು ಮ್ಯಾಲ ಎತ್ತಿದ. ಈಗ ಎದ್ದು ಹೋಗಿ ಆ ಮುದುಕಿಗೆ ಏನಂತ ಹೇಳಲಿ? ಕೊಂದೆ. ನನ್ನ ಗುರುವಿನ್ನ ನಾನ ಕೊಂದೆ.

ಕಾಲು ಅಲುಗಿತು. ಮಡಿವಾಳೆಪ್ಪ ಕೆಮ್ಮಿ, ಮ್ಯಾಲಿನ ತಗಡಾ ನೋಡಿ, ಸಣ್ಣ ಹುಡುಗರ ದನಿಯೊಳಗ ಕೇಳಿದ: 'ಯಾರ ಗೆದ್ರು?'

'ನೀವರಿ. ನೀವ ಗೆದ್ರಿ,' ಅಂದ ಬಸವಲಿಂಗ, ಅಳಕೋತ.

ಮಡಿವಾಳೆಪ್ಪ ಎದ್ದು ಕುಂತ. ಸಾವಕಾಶ ನೆನಪು ಬಂತು ಅವಗ, ಮಾರಿ ಮ್ಯಾಲ ಅದು ಬರೂದು ಕಾಣತಿತ್ತು. ಮೀಸಿ ಮ್ಯಾಲಿನ ಮಣ್ಣು ಒರಸಿಕೊಂಡ. ಒರಸಿಕೊಂಡು ಅಂದ: 'ನಾ ತಟ್ಟಿದ್ದೆ.'

'ತಟ್ಟಿದ್ರ್ಯಾ?'

'ಎರಡು ಸಲ. ನಿನಗ ತಿಳೀಲಿಲ್ಲ. ಹುಚ್ಚರಂಗ ಹಿಸುಕಾಕತ್ತಿದ್ದಿ. ರಾಚವ್ವಗ ಹೇಳಬ್ಯಾಡ, ಆ ಮ್ಯಾಡಮ್ಮಗೂ ಹೇಳಬ್ಯಾಡ. ಆಣಿ ಮಾಡು.'

ಬಸವಲಿಂಗ ಆಣಿ ಮಾಡಿದ. ಚಾ ಕುಡದ. ಮನಿಗೆ ಹೋಗಿ ಬಾಗಲಾ ಹಾಕ್ಕೊಂಡು ತನ್ನ ಎರಡೂ ಕೈ ನೋಡಿಕೋತ ಕುಂತ.

ಅಲ್ಲಿ ತನಕ ಅಂವ ಹೆದರಿದ್ದು ತನ್ನ ಕುತ್ತಿಗಿಗೆ. ಈಗ ಹೆದರಿದ್ದು ತನ್ನ ಕೈಗೆ. ಮುದುಕ ಮನಶ್ಯಾ ಜೀವ ಹೋಗಾಕತ್ತೇತಿ ಅಂತ ಎರಡು ಸಲ ತಟ್ಟಿದ್ರೂ ಈ ಮೈಗೆ ತಿಳೀಲಿಲ್ಲ ಅಂದ್ರ ಇದು ಎಂಥಾ ಮೈ? ಅಣ್ಣನ ಕೂಸು ಕೈ ಚಾಚಿದ್ರ ಎತ್ತಿಕೊಳ್ಳಾಕ ಒಲ್ಲೆ ಅಂದ. ಅತ್ತಿಗಿ ಬ್ಯಾಸರ ಮಾಡ್ಕೊಂಡಳು. ಹೊಲದಾಗ ಆಕಳ ಹಗ್ಗ ಹಿಡದು ನಿಂತಾಗ ಆಕಳು ಜಗ್ಗಿದ್ದು ತಿಳೀತೈತೋ ಇಲ್ಲೋ ಅಂತ ಪರೀಕ್ಷಾ ಮಾಡಿ ನೋಡಿದ. ತಿಳೀತು. ಆದ್ರೂ ನಂಬಿಕಿ ಬರಲಿಲ್ಲ. ಬೈಲಹೊಂಗಲಕ್ಕ ಹೋಗಿ ಉಮಾಶ್ರೀನ್ನ ಕೇಳಿದ: 'ತಟ್ಟಿದ್ದು ತಿಳೀದ ಇರೂದು ಇರತೈತೇನ್ರಿ?'

'ಇರತೈತಿ. ಬೆವರು, ಗದ್ದಲ, ಸಿಟ್ಟು ಇದ್ದಾಗ. ಅದಕ್ಕ ರೆಫ್ರೀ ಇರತಾನ. ಯಾಕ?'

'ಸುಮ್ನ ಕೇಳಿದೆ,' ಅಂದ. ಇರತೈತಿ ಅನ್ನೂ ಒಂದ ಮಾತು ಎದಿಯೊಳಗ ಕುಂತಿತು. ಉಳಿದ ದಿನ ಸೋಮಪ್ಪನ ಸಂಗಡ ಮೈಮ್ಯಾಲ ಭಾರ ಹಾಕದ ಆಡಿದ. ಉಮಾಶ್ರೀ ಕುತ್ತಿಗಿ ಹೆದರಿಕಿ ಇನ್ನೂ ಹೋಗಿಲ್ಲ ಅಂದ್ಕೊಂಡಳು.

ಪಂದ್ಯ ಆಯಿತವಾರ ಮಧ್ಯಾಹ್ನ, ಬೈಲಹೊಂಗಲದ ಒಂದು ಮದವಿ ಹಾಲಿನ್ಯಾಗ. ನೇಸರಗಿ ಮಂದಿ ಎರಡು ಟೆಂಪೋ ಮಾಡಿಕೊಂಡು, ಬಾರಸಾಕ ಹಲಗಿ ಹೊತ್ತು, ಹಾರ ಹಿಡಕೊಂಡು ಬಂದಿದ್ದರು. ಮುಂದ ನಿಂತಾಂವ ಟೆಂಪೋ ಮುತ್ತಪ್ಪ, ಕುಸ್ತಿ ಅಂದ್ರ ಜೀವ ಬಿಡಾಂವ. ಬಸವಲಿಂಗ ಜಾಳಗಿ ಒಳಗ ಕಾಲಿಟ್ಟ. ಸಂಜು ಎದರಿಗೆ ನಿಂತಿದ್ದ. ವಿಡಿಯೋದಾಗ ಇದ್ದಂಗ ಸೊಕ್ಕಿನ ಮಾರಿ ಅಲ್ಲ ಅದು, ನಮ್ಮ ನಿಮ್ಮಂಗ ಇದ್ದ ಹುಡುಗ. ಅವನ ಕುತ್ತಿಗ್ಯಾಗ ಒಂದು ನರ ಪಟಪಟ ಬಡೀತಿತ್ತು. ಬಸವಲಿಂಗ ಆ ನರ ನೋಡಬಾರದಾಗಿತ್ತು, ನೋಡಿದ.

ಮೊದಲನೇ ಸುತ್ತಿನ್ಯಾಗ ಎರಡು ಗುದ್ದು ತಿಂದ, ಒಂದು ಕೊಟ್ಟ. ಎರಡನೇ ಸುತ್ತು ಸುರುವಾಗಿ ಒಂದು ಮಿನಿಟ ಆಗಿರಬೇಕು, ಸಂಜು ಒದಿಯಾಕ ಕಾಲು ಎತ್ತಿದ. ಬಸವಲಿಂಗ ಪಟ ಹೊಕ್ಕ. ಉಮಾಶ್ರೀ ಹೇಳಿದಂಗ ಕುತ್ತಿಗಿ ಅವನ ಕೈಗೆ ಸಿಗದಂಗ ತಲಿ ಹೊರಗ ಇಟ್ಟು, ಎರಡೂ ತೊಡಿ ತಬ್ಬಿ, ಎತ್ತಿ, ಚಿತ್ ಒಗದ. ಎರಡೂ ಹೆಗಲು ಒಮ್ಮೆಲೆ ನೆಲಕ್ಕ ಬಡದ ಸಪ್ಪಳ ಹಾಲಿನ ತುಂಬ ಕೇಳಿಸಿತು.

ನೇಸರಗಿ ಮಂದಿ ಎದ್ದು ನಿಂತರು. ಅವರ ಲೆಕ್ಕದಾಗ ಮುಗದಿತ್ತಲ್ಲ! ಹಲಗಿ ಸುರುವಾತು, ಟೋಪಿಗಿ ಮ್ಯಾಲ ಹಾರಿದವು, ಮುತ್ತಪ್ಪ ಹಾರ ಹಿಡಕೊಂಡು ಜಾಳಗಿ ಏರಾಕ ಹೋದ. ಆ ಗದ್ದಲದೊಳಗ ಉಮಾಶ್ರೀ ಗಂಟಲಾ ಹರಕೊಂಡು ಒದರಿದಳು, 'ಬಿಡಬ್ಯಾಡಾ!'

ಬಸವಲಿಂಗ ಬಿಡಲಿಲ್ಲ. ಹನ್ನೆರಡು ವರ್ಷದ ಚಾಳಿ ಕೈ ತಗಿ ಅಂತಿತ್ತು, ಆದ್ರೂ ಅವನ ಕೈ ತಾವ ಹೋಗಿ ತೋಳು ಕುತ್ತಿಗಿ ಎರಡೂ ತೆಕ್ಕಿಗೆ ತಗೊಂಡು ಬಿಗಿದವು. ಎದಿ ಇಳಿಬಿಟ್ಟ. ಸಂಜು ಒದ್ದಾಡಿದ. ಒದ್ದಾಟ ಕಮ್ಮಿ ಆತು. ಬಸವಲಿಂಗನ ಮಾರಿ ನೆಲದ ಕಡೆ, ಕಿವಿ ತುಂಬ ಹಲಗಿ. ಖುಲ್ಲಾ ಕೈ ಎಲ್ಲೈತಿ? ಬೆನ್ನ ಮ್ಯಾಲ ಏನೋ ಹರದಾಡಿದಂಗ ಆತು. ಬೆವರೋ ಕೈಯೋ? ಒಂದು ಸಲಾನೋ ಎರಡು ಸಲಾನೋ? ರೆಫ್ರೀ ಯಾವ ಕಡೆ ನಿಂತಾನ, ಅವಗ ಕಾಣತೈತೋ ಇಲ್ಲೋ? ತಟ್ಟಿದ್ನೇನು? ತಟ್ಟಿದ್ನೇನಪಾ? ಸಂಜೂನ ಗಂಟಲದಾಗ ಗೊರ್ ಅಂತ ಒಂದು ಸಪ್ಪಳ ಹುಟ್ಟಿತು.

ಬಸವಲಿಂಗ ಬಿಟ್ಟ.

ಬಿಟ್ಟು ಮಾರಿ ಎತ್ತಿ ನೋಡಿದ, ಹುಡುಗ ಜೀವಂತ ಅದಾನೋ ಇಲ್ಲೋ ಅಂತ. ಸಂಜು ಜೀವಂತ ಇದ್ದ. ಚಲೋನ ಜೀವಂತ ಇದ್ದ. ಎರಡೂ ಕಾಲು ಮ್ಯಾಲ ಬಂದು ಬಸವಲಿಂಗನ ಒಂದು ತೋಳು, ಕುತ್ತಿಗಿ ಸುತ್ತಿ ಗಂಟು ಬಿದ್ದವು. ಕಣ್ಣಿಗೆ ಕತ್ತಲಿ ಅಂಚಿನಿಂದ ಬರಾಕತ್ತಿತು. ಬೇವಿನ ಬೊಡ್ಡಿಯಂಥ ಕುತ್ತಿಗಿ ಏನೂ ಕೆಲಸಕ್ಕ ಬರಲಿಲ್ಲ. ಆ ನಾಕ ಸೆಕೆಂಡಿಗೆ ಮತ್ತ ಹೋಗಾಂವ ಅಲ್ಲ ಅಂವ. ಸಂಜೂನ ತೊಡಿ ಮ್ಯಾಲ ತಟ್ಟಿದ. ಎರಡು ಅಲ್ಲ, ಏಳೋ ಎಂಟೋ ಸಲ, ಇಡೀ ಹಾಲಿಗೆ ಕೇಳೂವಂಗ ತಟ್ಟಿದ. ನಾಚಿಕಿ ಆಗಲಿಲ್ಲ, ಬದುಕಬೇಕು ಅನಿಸಿತ್ತು. ಹಲಗಿ ನಡುವ ನಿಂತಿತು.

ಸಂಜು ಅವನ್ನ ಎತ್ತಿ ನಿಂದರಿಸಿ ತಬ್ಬಿಕೊಂಡು, 'ಅಣ್ಣಾ, ಯಾಕ ಬಿಟ್ಟಿ? ಇನ್ನ ಎರಡು ಸೆಕೆಂಡಿಗೆ ನಾ ತಟ್ಟಾಂವ ಇದ್ದೆ' ಅಂದ.

'ನೀ ತಟ್ಟಿದ್ದಿಲ್ಲ?'

'ಇಲ್ಲಲ್ಲ!'

ಒಳಗಿನ ಖೋಲ್ಯಾಗ ಮಡಿವಾಳೆಪ್ಪ ಬಸವಲಿಂಗನ ಕೈಗೆ ಸುತ್ತಿದ್ದ ಪಟ್ಟಿ ಕತ್ತರಿಸಾಕ ಕುಂತ. ಉಮಾಶ್ರೀಗೆ ಸಿಟ್ಟು ತಡಿಯಲಿಲ್ಲ. 'ಎಲ್ಲಾ ಬರೋಬರಿ ಮಾಡಿದ್ದಿ. ಯಾಕ ಬಿಟ್ಟಿ, ಹೇಳು.'

'ಎದುರಿನಾಂವ ತಟ್ಟಿದ್ರ ನನಗ ತಿಳಿಯೂದಿಲ್ಲರಿ,' ಅಂದ ಬಸವಲಿಂಗ. ಆಣಿ ಮುರೀತು, ಮುರೀಲಿ. 'ಹತ್ತು ದಿನದ ಹಿಂದ ವಸ್ತಾದರು ಎರಡು ಸಲ ತಟ್ಟಿದ್ರಂತ. ನನಗ ತಿಳೀಲಿಲ್ಲ. ಎಚ್ಚರ ತಪ್ಪೂ ತನಕ ಹಿಸುಕಿದೆ. ಇವತ್ತ ಆ ಹುಡುಗನ್ನ ಕೊಲ್ಲತೇನಿ ಅನಿಸ್ತು.'

ಉಮಾಶ್ರೀ ವಸ್ತಾದನ ಕಡೆ ತಿರುಗಿದಳು. ಕತ್ತರಿ ನಿಂತಿತ್ತು.

'ನಾ ತಟ್ಟಿದ್ದಿಲ್ಲೋ ಬಸ್ಯಾ,' ಅಂದ ಮಡಿವಾಳೆಪ್ಪ. ತಲಿ ಮ್ಯಾಲ ಎತ್ತಲಿಲ್ಲ. 'ಕೈ ಮಣ್ಣಾಗ ಊರಿಕೊಂಡು ಬಿದ್ದಿದ್ದೆ. ಉಸರು ಹೋಗಾಕತ್ತಿತ್ತು, ನನಗೂ ಬಾಳ ಹೆದರಿಕಿ ಆತು. ತಟ್ಟಬೇಕು ಅಂದ್ಕೊಂಡೆ. ಕೈ ಏಳಲಿಲ್ಲ. ಎಚ್ಚರಾದ ಮ್ಯಾಲ ಶಿಷ್ಯಾನ ಕೈಯಾಗ ಸೋತೆ ಅನ್ನಾಕ ಬಾಯಿ ಬರಲಿಲ್ಲ.'

ಬಸವಲಿಂಗಗ ಸಮಾಧಾನ ಆಗಬೇಕಾಗಿತ್ತು. ಆಗಿದ್ದು ಸಿಟ್ಟು. ಹತ್ತು ದಿನ ಕೂಸು ಎತ್ತಿಕೊಂಡಿರಲಿಲ್ಲ ಅಂವ. ಹತ್ತು ದಿನ ತನ್ನ ಕೈ ತನ್ನವಲ್ಲ ಅಂತ ಬಾಳೆ ಮಾಡಿದ್ದ. ಏನೋ ಅನ್ನಾಕ ಬಾಯಿ ತಗದ, ಅಷ್ಟರೊಳಗ ನೇಸರಗಿ ಮಂದಿ ಬಾಗಲಾ ನೂಕಿಕೊಂಡು ಒಳಗ ಬಂದರು. ಮುತ್ತಪ್ಪನ ಕೈಯಾಗ ಹಾರ ಹಂಗ ಇತ್ತು.

'ಚಿತ್ ಮಾಡಿದಾಂವ ಸೋಲೂದು ಅಂದ್ರೇನ್ರಿ ವಸ್ತಾದರ? ಹಿಡದಾಂವ ಬಿಟ್ಟಿದ್ದ್ಯಾಕ?' ಅಂದ ಮುತ್ತಪ್ಪ. 'ಊರಿಗೆ ಹೋಗಿ ಏನಂತ ಹೇಳೂನು? ಹುಡುಗ ಅಂಜಿದ ಅಂತ ಹೇಳೂನೇನು?'

ಮಡಿವಾಳೆಪ್ಪ ಎದ್ದು ನಿಂತ. ಒಂದ ಕಾಲಕ್ಕ ತೊಡಿ ತಟ್ಟಿ ಷಡ್ಡು ಹೊಡದ್ರ ನಾಕು ಹೊಲ ಆಚಿಗೆ ಕೇಳತಿತ್ತಂತ ಅವಂದು. ಈಗ ತುಟಿಯೊಳಗ ಏನೋ ಅಂದ.

'ಏನಂದ್ರಿ? ಕೇಳಲಿಲ್ಲ.'

ಬಸವಲಿಂಗ ವಸ್ತಾದನ ಮಾರಿ ನೋಡಿದ. ಮುದುಕ ಈಗ ಮತ್ತೊಂದು ಸುಳ್ಳು ಹೇಳತಾನ ಅಂತ ಅನಿಸ್ತು ಅವಗ. ಹೇಳಿದ್ರ ತಾ ಏನೂ ಮಾಡಾಕ ಬರಾಂಗಿಲ್ಲ, ಮಂದಿ ನಂಬೂದು ಆ ಮೀಸಿನ್ನ.

'ಹುಡುಗಂದು ತಪ್ಪಿಲ್ಲ ಅಂದೆ,' ಅಂದ ಮಡಿವಾಳೆಪ್ಪ, ಈ ಸಲ ಎಲ್ಲಾರಿಗೂ ಕೇಳೂವಂಗ. 'ನನ್ನ ತಾಲೀಮಿನ್ಯಾಗ, ನನ್ನ ಮಣ್ಣಿನ್ಯಾಗ ಇಂವ ನನ್ನ ಸೋಲಿಸಿದ. ನಾ ಅದನ್ನ ಒಪ್ಪಲಿಲ್ಲ, ತಟ್ಟಿದ್ದೆ ಅಂತ ಸುಳ್ಳು ಹೇಳಿ ತಪ್ಪು ಇವನ ಮ್ಯಾಲ ಹಾಕಿದೆ. ಅದಕ್ಕ ಇವತ್ತ ಕೈ ಬಿಟ್ಟ. ನಾ ಸೋತೇನಿ. ಊರಾಗ ಹಂಗ ಹೇಳ್ರಿ.'

ಮುತ್ತಪ್ಪ ಹಾರ ಎಲ್ಲಿ ಇಡಬೇಕು ತಿಳೀದ ಕೈಯಾಗ ತಿರುವಿಕೋತ ನಿಂತ. ಮಡಿವಾಳೆಪ್ಪನ ತೊಡಿ ಗಡಗಡ ನಡಗಾಕತ್ತಿದ್ದವು, ಇನ್ನೇನು ಬೀಳತಾನ ಅನ್ನೂವಂಗ. ಬಸವಲಿಂಗಗ ಸಿಟ್ಟು ಇನ್ನೂ ಇಳದಿದ್ದಿಲ್ಲ. ಆದ್ರೂ ಹೋಗಿ ಎರಡೂ ಬಗಲಾಗ ಕೈ ಕೊಟ್ಟು ಎತ್ತಿ ಹಿಡದು, ಕುರ್ಚಿ ಮ್ಯಾಲ ಕುಂದರಿಸಿ, ನೀರು ತರ್ರಿ ಅಂದ.